ಜೇನುಪೆಟ್ಟಿಗೆ ಇಟ್ಟರೆ ಮಸಾರಿ ಹೊಲದ ಮಣ್ಣು ಸುಧಾರಿಸುತ್ತದೆಯೇ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ರೈತ. ನಮ್ಮದು 10 ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ. 3 ಎಕರೆಯಲ್ಲಿ ಬೋರ್‌ವೆಲ್ ನೀರಿನ ಮೇಲೆ ದಾಳಿಂಬೆ ಇದೆ. ಉಳಿದ 7 ಎಕರೆ ಮಳೆಯನ್ನೇ ನಂಬಿದ್ದು, ಸಜ್ಜೆ, ತೊಗರಿ, ಸೂರ್ಯಕಾಂತಿ ಬೆಳೆಯುತ್ತೇವೆ. ಕೆಲವು ವರ್ಷಗಳಿಂದ ಮಳೆ ಬಿದ್ದು ಒಣಗಿದ ಕೂಡಲೇ ನೆಲದ ಮೇಲ್ಮೈ ಗಟ್ಟಿ ಪೊರೆ ಕಟ್ಟುತ್ತಿದೆ, ಎರೆಹುಳು ಕಾಣುವುದೇ ಇಲ್ಲ. ಜೇನು ಸಾಕಿದರೆ ಇಳುವರಿಯ ಜೊತೆಗೆ ಮಣ್ಣೂ ಸುಧಾರಿಸುತ್ತದೆ ಎಂದು ತರಬೇತಿಯೊಂದರಲ್ಲಿ ಕೇಳಿದೆ. 20 ಪೆಟ್ಟಿಗೆ ತಂದು ಇಡಬೇಕೆಂದಿದ್ದೇನೆ. ಇದು ನಿಜವೇ? ಪೆಟ್ಟಿಗೆಗಳನ್ನು ಹೇಗೆ ಸಾಕಿದರೆ ಹೊಲಕ್ಕೂ ಸುತ್ತಲಿನ ಜೀವಿಗಳಿಗೂ ಒಳ್ಳೆಯದು?

ಉತ್ತರ: ಪೆಟ್ಟಿಗೆ ತಂದು ಇಟ್ಟ ಮಾತ್ರಕ್ಕೆ ಮಣ್ಣು ಸುಧಾರಿಸುವುದಿಲ್ಲ. ಜೇನುನೊಣ ನೆಲಕ್ಕೆ ನೇರವಾಗಿ ಕೊಡುವುದು ತೀರ ಕಡಿಮೆ. ಆದರೆ ಜೇನು ನಿಮ್ಮ ಹೊಲದಲ್ಲಿ ವರ್ಷಪೂರ್ತಿ ಬದುಕಬೇಕಾದರೆ ನೀವು ಅಲ್ಲಿ ಏನೇನು ಮಾಡಬೇಕಾಗುತ್ತದೆಯೋ, ಅಂದರೆ ಹೂ ಬಿಡುವ ಗಿಡಗಳನ್ನು ತಿಂಗಳು ತಪ್ಪದಂತೆ ಇರಿಸಿಕೊಳ್ಳುವುದು, ಬದುಗಳನ್ನು ಕೆದಕದೆ ಬಿಡುವುದು, ವಿಷವನ್ನು ಕಡಿಮೆ ಮಾಡುವುದು, ಇವೆಲ್ಲ ಮಣ್ಣಿಗೆ ಬೇಕಾದ ಕೆಲಸಗಳೇ ಆಗಿವೆ. ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಹೂವು, ಆಮೇಲೆ ಪೆಟ್ಟಿಗೆ. 20 ಪೆಟ್ಟಿಗೆಯ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ, ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಜೇನಿಗೂ ಮಣ್ಣಿಗೂ ಇರುವ ನಂಟು ಬೀಜದ ಮೂಲಕ ಬಂದದ್ದು. ಹೂವಿಗೆ ಪರಾಗಸ್ಪರ್ಶವಾದರೆ ಬೀಜ ಕಟ್ಟುತ್ತದೆ, ಬೀಜ ಕಟ್ಟಿದರೆ ಮುಂದಿನ ಮಳೆಗಾಲದಲ್ಲಿ ಆ ಗಿಡ ಮತ್ತೆ ಹುಟ್ಟುತ್ತದೆ. ನಿಮ್ಮ ಬದುವಿನ ಮೇಲಿನ ತುಂಬೆ, ಕಾಡು ದ್ವಿದಳ ಗಿಡಗಳು, ಹೊಂಗೆ, ಬೇವು, ಹೊಲದೊಳಗಿನ ತೊಗರಿ, ಗುರೆಳ್ಳು ಎಲ್ಲವೂ ಹೆಚ್ಚೋ ಕಡಿಮೆಯೋ ಕೀಟಗಳ ಓಡಾಟವನ್ನು ನಂಬಿವೆ. ಈ ಗಿಡಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ, ಉದುರಿದ ಎಲೆ ಸಾವಯವ ಅಂಶವಾಗುತ್ತದೆ, ದ್ವಿದಳವಾದರೆ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಅಣುಜೀವಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಮಸಾರಿ ಮಣ್ಣು ಪೊರೆ ಕಟ್ಟುವುದಕ್ಕೆ ಮುಖ್ಯ ಕಾರಣ ಸಾವಯವ ಅಂಶದ ಕೊರತೆ ಮತ್ತು ಬರಿಯ ನೆಲದ ಮೇಲೆ ಬೀಳುವ ಮಳೆಹನಿಯ ಹೊಡೆತ. ಮಣ್ಣು ಪರೀಕ್ಷೆ ಮಾಡಿಸಿಲ್ಲವಾದರೆ ಮಾಡಿಸಿ, ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಅದನ್ನು ಕಡಿಮೆ ಎಂದೇ ಪರಿಗಣಿಸಲಾಗುತ್ತದೆ. ನಮ್ಮ ಭಾಗದ ಮಸಾರಿ ಹೊಲಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಈ ಅಂಕಿ ಒಂದೆರಡು ವರ್ಷಗಳಲ್ಲಿ ಏರುವಂಥದ್ದೂ ಅಲ್ಲ.

ಇಲ್ಲೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮಣ್ಣಿನ ಕೆಲಸವೂ ನೊಣದ ಕೆಲಸವೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ, ಎಲ್ಲಿ ಎದುರಾಗುತ್ತವೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಣ್ಣು ಸುಧಾರಿಸಲು ಹಸಿರೆಲೆ ಗೊಬ್ಬರದ ಬೆಳೆಯಾಗಿ ಅಪ್ಸೆಣಬನ್ನು ಬಿತ್ತಿ, ಸುಮಾರು 45 ದಿನಕ್ಕೆ, ಹೂ ಬಿಡಲು ಆರಂಭಿಸುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಅದು ಸರಿಯಾದ ಮಾತೇ, ಹೂ ಬಲಿತು ಕಾಂಡ ನಾರುಗಟ್ಟಿದರೆ ಕೊಳೆಯುವುದು ನಿಧಾನವಾಗುತ್ತದೆ. ಆದರೆ ಎಲ್ಲವನ್ನೂ ಹೂವಿನ ಮೊದಲೇ ಮಗುಚಿದರೆ ನೊಣಕ್ಕೆ ಏನೂ ಸಿಗದು, ನಿಮಗೂ ಮುಂದಿನ ವರ್ಷದ ಬೀಜ ಸಿಗದು. ಅಪ್ಸೆಣಬು ತನ್ನ ಪರಾಗದಿಂದ ತಾನೇ ಬೀಜ ಕಟ್ಟುವ ಗಿಡವಲ್ಲ. ಅದರ ಹೂವನ್ನು ಬಲವಾಗಿ ಒತ್ತಿ ತೆರೆಯಬಲ್ಲ ದೊಡ್ಡ ಕೀಟ ಬರಬೇಕು. ಆ ಕೆಲಸವನ್ನು ಹೆಚ್ಚಾಗಿ ಮಾಡುವುದು ಪೆಟ್ಟಿಗೆಯ ಜೇನಲ್ಲ, ಒಣಮರವನ್ನು ಕೊರೆದು ಗೂಡು ಮಾಡುವ ಕಪ್ಪನೆಯ ದೊಡ್ಡ ಬಡಗಿ ದುಂಬಿ ಮತ್ತು ಎಲೆ ಕತ್ತರಿಸುವ ನೊಣಗಳು. ಹೀಗಾಗಿ ಒಂದು ಎಕರೆಗೆ ಅಪ್ಸೆಣಬು ಬಿತ್ತಿದರೆ ಬದುವಿನ ಪಕ್ಕದ ಎರಡು ಮೂರು ಸಾಲುಗಳನ್ನು ಮಗುಚದೆ ಬಿಡಿ. ಅವು ಹಳದಿ ಹೂ ಬಿಟ್ಟು ಕಾಯಿ ಕಟ್ಟಲಿ. ಎಕರೆಗೆ 10ರಿಂದ 15 ಕಿಲೋ ಬೀಜವನ್ನು ಪ್ರತಿ ವರ್ಷ ಕೊಂಡು ತರುವ ಖರ್ಚೂ ಇದರಿಂದ ಒಂದಿಷ್ಟು ಉಳಿಯುತ್ತದೆ.

ಬಡಗಿ ದುಂಬಿ ಎಲ್ಲಿಂದ ಬರುತ್ತದೆ ಎಂದರೆ, ನಿಮ್ಮ ಹೊಲದ ಸತ್ತ ಕೊಂಬೆ, ಒಣಗಿದ ಕತ್ತಾಳೆಯ ಕಂಬ, ಹಳೆಯ ಬಿದಿರು, ಹಂದರದ ಗಳ, ಇಂಥವುಗಳಿಂದ. ಇವನ್ನೆಲ್ಲ ಕಸವೆಂದು ಒಟ್ಟುಗೂಡಿಸಿ ಸುಟ್ಟರೆ ಗೂಡುಗಳೂ ಸುಟ್ಟುಹೋಗುತ್ತವೆ. ತೊಗರಿ ಅಥವಾ ಗುಲಾಬಿ ಗಿಡದ ಎಲೆಯಂಚಿನಲ್ಲಿ ಅಳತೆ ಹಿಡಿದು ಕತ್ತರಿಸಿದಂತಹ ಅರ್ಧಚಂದ್ರದ ಗುರುತುಗಳು ಕಂಡರೆ ಕೀಟಬಾಧೆಯೆಂದು ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಅದು ಎಲೆ ಕತ್ತರಿಸುವ ನೊಣ ತನ್ನ ಗೂಡಿಗೆ ಒಯ್ದ ಎಲೆಚೂರಿನ ಗುರುತು. ತೊಗರಿಯ ಹೂವಿಗೆ ಬರುವ ಅತ್ಯುತ್ತಮ ಕೆಲಸಗಾರರಲ್ಲಿ ಅದೂ ಒಂದು.

ಇನ್ನು ಮಣ್ಣಿನೊಳಗೇ ಬದುಕುವ ನೊಣಗಳ ವಿಷಯ. ಜಗತ್ತಿನ ಜೇನುಜಾತಿಯ ನೊಣಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚಿನವು ಹುಟ್ಟು ಕಟ್ಟುವುದಿಲ್ಲ, ತುಪ್ಪ ಕೂಡಿಡುವುದಿಲ್ಲ. ನೆಲದಲ್ಲಿ ಬಿಲ ತೋಡಿ, ಪರಾಗ ಮತ್ತು ಮಕರಂದ ಕಲಸಿದ ಉಂಡೆ ಇಟ್ಟು, ಅದರ ಮೇಲೆ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತವೆ. ಒಂಟಿ ಹೆಣ್ಣು ನೊಣವೇ ಈ ಎಲ್ಲ ಕೆಲಸ ಮಾಡುತ್ತದೆ. ಕಾಯಬೇಕಾದ ಸಂಸಾರವಿಲ್ಲದ ಕಾರಣ ಅದು ಕಚ್ಚುವುದೂ ಅಪರೂಪ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ, ಗಾಳಿಯಲ್ಲಿ ನಿಂತಂತೆ ಹಾರುವ ನೊಣವನ್ನು ನೀವು ಬದನೆ ಅಥವಾ ಟೊಮೆಟೊ ಹೂವಿನ ಮೇಲೆ ನೋಡಿರಬಹುದು, ಅದೂ ಈ ಗುಂಪಿನದೇ. ಅದು ಹೂವನ್ನು ಹಿಡಿದು ಝೇಂಕರಿಸಿ ಪರಾಗವನ್ನು ಉದುರಿಸಿಕೊಳ್ಳುತ್ತದೆ. ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಬಾರದು. ಬದುವಿನ ಮೇಲೆ, ಕಾಲುದಾರಿಯ ಅಂಚಿನಲ್ಲಿ, ಇರುವೆ ಗೂಡಿನಂತೆ ಕಾಣುವ ಸಣ್ಣ ಮಣ್ಣಿನ ಗುಪ್ಪೆ ಮತ್ತು ನಡುವೆ ಪೆನ್ಸಿಲ್ ತೂರುವಷ್ಟು ತೂತು ಇದ್ದರೆ ಬೆಳಿಗ್ಗೆ ಸ್ವಲ್ಪ ಹೊತ್ತು ಕಾದು ನೋಡಿ. ಕಾಲಿಗೆ ಪರಾಗ ಮೆತ್ತಿಕೊಂಡ ನೊಣ ಒಳಗೆ ಹೋಗುವುದು ಕಾಣಬಹುದು. ಈ ಬಿಲಗಳಿಂದ ಮಣ್ಣಿಗೆ ಗಾಳಿಯಾಡುತ್ತದೆ, ನೀರು ಇಳಿಯಲು ಒಂದಿಷ್ಟು ದಾರಿಯಾಗುತ್ತದೆ. ಎರೆಹುಳುವಿನ ಕೆಲಸಕ್ಕೆ ಇದು ಸಮನಲ್ಲ, ಆದರೆ ಲೆಕ್ಕಕ್ಕೆ ಬಾರದ್ದೂ ಅಲ್ಲ.

ಇವುಗಳನ್ನು ಉಳಿಸಿಕೊಳ್ಳುವುದಕ್ಕೆ ಹಣ ಬೇಕಿಲ್ಲ, ಕೆಲವು ಕೆಲಸಗಳನ್ನು ಮಾಡದೆ ಬಿಟ್ಟರೆ ಸಾಕು. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ತಂದು ಬದುವಿನ ಬುಡದವರೆಗೂ ಆಳವಾಗಿ ಉಳುವ ರೂಢಿ ಈಗ ಹೆಚ್ಚಾಗಿದೆ. ಕೀಟಗಳ ಕೋಶ ಬಿಸಿಲಿಗೆ ಬಿದ್ದು ಸಾಯುತ್ತವೆ ಎಂಬ ಕಾರಣಕ್ಕೆ ಮಾಗಿ ಉಳುಮೆಗೆ ಅದರದೇ ಬೆಲೆ ಇದೆ. ಆದರೂ ಪ್ರತಿ ವರ್ಷ ಆಳದ ಉಳುಮೆ ಮಸಾರಿ ಮಣ್ಣಿಗೆ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂರು ವರ್ಷಕ್ಕೊಮ್ಮೆ ಸಾಕು, ಉಳಿದ ವರ್ಷ ಕುಂಟೆ ಹೊಡೆಯಿರಿ. ಬದುವಿನಿಂದ ಒಂದು ಮೀಟರ್ ಅಗಲದ ಪಟ್ಟಿಗೆ ನೇಗಿಲನ್ನೇ ತಾಗಿಸಬೇಡಿ, ಅಲ್ಲಿಗೆ ಕಳೆನಾಶಕವನ್ನೂ ಹೊಡೆಯಬೇಡಿ. ದಾಳಿಂಬೆ ಸಾಲಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಸಿದ್ದರೆ ಅದರ ಬದಲು ಸಜ್ಜೆಯ ದಂಟು, ತೊಗರಿ ಹೊಟ್ಟು, ಒಣ ಎಲೆ ಹಾಸಿ. ಆದರೆ ಇಡೀ ತೋಟವನ್ನು ದಪ್ಪ ಹೊದಿಕೆಯಿಂದ ಮುಚ್ಚಿದರೂ ನೆಲದ ನೊಣಕ್ಕೆ ಜಾಗವಿಲ್ಲದಂತಾಗುತ್ತದೆ, ಆದ್ದರಿಂದ ಬಿಸಿಲು ಬೀಳುವ ಒಂದು ಮೂಲೆಯಲ್ಲಿ, ನೀರು ನಿಲ್ಲದ ಕಡೆ, ಒಂದಿಷ್ಟು ಬರಿಯ ನೆಲ ಇರಲಿ.

ಈಗ ಹೂವಿನ ಲೆಕ್ಕಕ್ಕೆ ಬರೋಣ. ಕೊಪ್ಪಳ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 600 ಮಿಲಿಮೀಟರ್ ಮಳೆ, ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್ ನಡುವೆ. ಮುಂಗಾರು ಸರಿಯಾಗಿ ಬಂದರೆ ಆಗಸ್ಟ್‌ನಿಂದ ಹೂವಿಗೆ ಕೊರತೆಯಿಲ್ಲ. ಎಳ್ಳು, ಸಜ್ಜೆಯ ಪರಾಗ, ಮೆಕ್ಕೆಜೋಳದ ಪರಾಗ, ಬದುವಿನ ತುಂಬೆ, ಆಮೇಲೆ ಗುರೆಳ್ಳು, ಸೂರ್ಯಕಾಂತಿ, ತೊಗರಿ. ಎರೆ (ಕಪ್ಪು ಮಣ್ಣಿನ) ಹೊಲದ ಕಡೆ ಹಿಂಗಾರಿನಲ್ಲಿ ಬಿಳಿಜೋಳದ ಪರಾಗ, ಕುಸುಬೆ, ಕೊತ್ತಂಬರಿ ಫೆಬ್ರುವರಿಯವರೆಗೂ ಸಾಗಿಸುತ್ತವೆ. ಕಷ್ಟ ಬರುವುದು ಸುಗ್ಗಿ ಮುಗಿದ ಮೇಲೆ. ಹೊಲ ಬರಿದಾಗುತ್ತದೆ, ಆಗ ಜೇನಿನ ಬದುಕು ಪೂರ್ತಿಯಾಗಿ ಮರಗಳ ಮೇಲೆ ನಿಲ್ಲುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೇವು, ಏಪ್ರಿಲ್, ಮೇ ತಿಂಗಳಲ್ಲಿ ಹೊಂಗೆ, ಅದರ ಬೆನ್ನಿಗೆ ಹುಣಸೆ. ನೀರಿನ ಆಸರೆ ಇದ್ದರೆ ನುಗ್ಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುತ್ತದೆ. ಈ ಮರಗಳು ನಿಮ್ಮ ಸುತ್ತ ಒಂದು ಕಿಲೋಮೀಟರ್‌ನೊಳಗೆ ಎಷ್ಟಿವೆ ಎಂದು ಮೊದಲು ನಡೆದು ಎಣಿಸಿ. ಅವು ಬೆರಳೆಣಿಕೆಯಷ್ಟಿದ್ದರೆ ನಿಮ್ಮ ಪೆಟ್ಟಿಗೆಗಳು ಮೇ ತಿಂಗಳಲ್ಲಿ ಖಾಲಿಯಾಗುತ್ತವೆ.

ಬದುವಿಗೆ ಹಾಕಲು ಒಂದೇ ಗಿಡವನ್ನು ಆರಿಸಿ ಎಂದರೆ ನಾನು ಹೊಂಗೆಯನ್ನೇ ಹೇಳುತ್ತೇನೆ. ಅದು ಕಡುಬೇಸಿಗೆಯಲ್ಲಿ ಹೂ ಬಿಡುತ್ತದೆ, ಸ್ವತಃ ದ್ವಿದಳ ಜಾತಿಯದು, ಎಲೆ ಹಸಿರುಗೊಬ್ಬರಕ್ಕೆ, ಬೀಜದ ಹಿಂಡಿ ದಾಳಿಂಬೆಯ ಬುಡಕ್ಕೆ ಆಗುತ್ತದೆ. ಅದರ ಜೊತೆಗೆ ಬೇವು, ಬೋರೆ, ನೇರಳೆ, ಕರಿಜಾಲಿ, ಬನ್ನಿ ಇರಲಿ. ಬದುವಿನಲ್ಲಿ ತಾನಾಗಿ ಹುಟ್ಟುವ ತಂಗಡಿ ಗಿಡವನ್ನು ಕೀಳಬೇಡಿ, ಅದರ ಹಳದಿ ಹೂವಿಗೆ ಬಡಗಿ ದುಂಬಿ ತಪ್ಪದೆ ಬರುತ್ತದೆ.

ಬಳ್ಳಾರಿ ಜಾಲಿಯ ಬಗ್ಗೆ ಕೆಲವರು ಕೇಳುತ್ತಾರೆ, ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಅದರಲ್ಲಿ ಜೇನಿಗೆ ಮಕರಂದವೂ ಪರಾಗವೂ ಸಿಗುತ್ತವೆ ಎಂಬುದು ನಿಜ, ಅದನ್ನೇ ನಂಬಿ ಬದುಕುವ ಜೇನು ಕುಟುಂಬಗಳೂ ನಮ್ಮ ಕಡೆ ಇವೆ. ಆದರೆ ಅದು ಹೊರಗಿನಿಂದ ಬಂದ ಗಿಡ. ಹಬ್ಬಿದ ಕಡೆ ಬೇರೆ ಗಿಡಗಳನ್ನು ಏಳಗೊಡದೆ ಗೋಮಾಳ, ಹಳ್ಳದ ದಂಡೆಗಳನ್ನು ಆವರಿಸುತ್ತದೆ. ಜೇನಿಗಾಗಿ ಅದನ್ನು ಬೆಳೆಸುವುದು ಬೇಡ. ಇದ್ದದ್ದನ್ನು ಒಂದೇ ಸಲ ಬುಡಸಮೇತ ಕಿತ್ತು ನೆಲವನ್ನು ಬೋಳು ಮಾಡುವುದೂ ಬೇಡ. ಪಕ್ಕದಲ್ಲಿ ಹೊಂಗೆ, ಬನ್ನಿ ತಲೆಯೆತ್ತಿದಂತೆಲ್ಲ ಇದನ್ನು ತೆಗೆಯುತ್ತ ಹೋಗಿ.

ಹೊಲದೊಳಗಿನ ಬೆಳೆಯಲ್ಲಿ ಅಕ್ಕಡಿ ಸಾಲಿನ ಪದ್ಧತಿಗೆ ಮರಳಿ. ಹಿರಿಯರು ಸಜ್ಜೆಯ ನಡುವೆ ತೊಗರಿ, ಹೆಸರು, ಮಡಿಕೆ, ಅಲ್ಲಲ್ಲಿ ಗುರೆಳ್ಳು, ಅಂಚಿಗೆ ಪುಂಡಿ ಹಾಕುತ್ತಿದ್ದುದು ಅಡುಗೆಮನೆಯ ಲೆಕ್ಕಕ್ಕೆ ಇರಬಹುದು, ಆದರೆ ಅದರಿಂದ ಹೂವು ಒಂದಾದ ಮೇಲೊಂದು ಬರುತ್ತಿತ್ತು, ನೆಲವೂ ಬಹುಕಾಲ ಮುಚ್ಚಿಕೊಂಡಿರುತ್ತಿತ್ತು. ತೊಗರಿ ಆಳಕ್ಕೆ ಬೇರಿಳಿಸಿ, ಕೊಯ್ಲಿಗೆ ಮೊದಲೇ ಎಲೆಯನ್ನೆಲ್ಲ ಹೊಲಕ್ಕೇ ಉದುರಿಸುವ ಬೆಳೆ, ನಿಮ್ಮಂಥ ಮಣ್ಣಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಗುರೆಳ್ಳು ತನ್ನ ಪರಾಗದಿಂದ ತಾನು ಕಾಳು ಕಟ್ಟಲಾರದ ಬೆಳೆಯಾದ್ದರಿಂದ ಜೇನು ಬಂದ ವರ್ಷ ಮತ್ತು ಬಾರದ ವರ್ಷದ ವ್ಯತ್ಯಾಸ ಅದರಲ್ಲಿ ಬಹುಬೇಗ ಕಾಣುತ್ತದೆ. ಸೂರ್ಯಕಾಂತಿಯಲ್ಲೂ ತೆನೆಯ ನಡುಭಾಗದಲ್ಲಿ ಜೊಳ್ಳು ಹೆಚ್ಚಾಗಿದ್ದರೆ ಬೋರಾನ್ ಕೊರತೆ, ತೇವದ ಕೊರತೆಗಳ ಜೊತೆಗೆ ಪರಾಗಸ್ಪರ್ಶದ ಕೊರತೆಯನ್ನೂ ಅನುಮಾನಿಸಬೇಕು. ಕಡಲೆಯಂತಹ ಬೆಳೆಗೆ ಮಾತ್ರ ಜೇನಿನ ಹಂಗಿಲ್ಲ, ಅದರ ಹೂ ಅರಳುವ ಮೊದಲೇ ಪರಾಗಸ್ಪರ್ಶ ಮುಗಿದಿರುತ್ತದೆ.

ದಾಳಿಂಬೆಗೆ ಜೇನಿನಿಂದ ಕಾಯಿ ಕಚ್ಚುವುದು ಸುಧಾರಿಸುತ್ತದೆ, ಆದರೆ ದಾಳಿಂಬೆಯೊಂದನ್ನೇ ನಂಬಿ ಜೇನು ಕುಟುಂಬ ಬದುಕಲಾರದು. ಬಹಾರ್ (ಹೂವಿನ ಹಂಗಾಮು) ಬಿಟ್ಟ ಕೆಲವು ವಾರಗಳ ಆಚೆಗೆ ಅದರಲ್ಲಿ ಏನೂ ಇರುವುದಿಲ್ಲ. ಸಾಲುಗಳ ನಡುವೆ ಅಲಸಂದೆ ಅಥವಾ ಹುರುಳಿ ಬಿತ್ತಿದರೆ ನೆಲಕ್ಕೆ ಹೊದಿಕೆಯಾಗುತ್ತದೆ, ನೊಣಕ್ಕೂ ಆಸರೆಯಾಗುತ್ತದೆ. ಆದರೆ ತೋಟಕ್ಕೆ ಔಷಧಿ ಹೊಡೆಯುವ ದಿನ ಆ ಹೂವಿನ ಮೇಲೂ ಔಷಧಿ ಬೀಳುತ್ತದೆ ಎಂಬುದು ನೆನಪಿರಲಿ. ಹೊಡೆಯಲೇಬೇಕಾದ ಕಾಲದಲ್ಲಿ ಸಾಲಿನ ನಡುವಿನ ಹೂವನ್ನು ಮೊದಲು ಕತ್ತರಿಸಿ ಅಲ್ಲಿಯೇ ಹಾಸಿಬಿಡಿ.

ಈಗ ಪೆಟ್ಟಿಗೆ ಎಷ್ಟು ಎಂಬ ಪ್ರಶ್ನೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನು ಸಾಮಾನ್ಯವಾಗಿ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಮೇಯುತ್ತದೆ. ಹೊರದೇಶದಿಂದ ತಂದ ಮೆಲ್ಲಿಫೆರಾ ಜೇನು ಎರಡು ಮೂರು ಕಿಲೋಮೀಟರ್ ದೂರವೂ ಹೋಗುತ್ತದೆ. ಒಂದು ಕಿಲೋಮೀಟರ್ ಸುತ್ತಳತೆಯ ವೃತ್ತವೆಂದಲ್ಲ, ಪೆಟ್ಟಿಗೆಯಿಂದ ಎಲ್ಲ ದಿಕ್ಕಿಗೂ ಒಂದು ಕಿಲೋಮೀಟರ್ ಎಂದು ಹಿಡಿದರೆ ಅದು ಸುಮಾರು 775 ಎಕರೆ. ಅಂದರೆ ನಿಮ್ಮ 10 ಎಕರೆ ಎಷ್ಟೇ ಚೊಕ್ಕಟವಾಗಿದ್ದರೂ ನೊಣ ಮೇಯುವುದು ಊರಿನ ಹೊಲವನ್ನೇ. ಬರದ ವರ್ಷದಲ್ಲಿ ಆ ಹೊಲಗಳಲ್ಲಿ ಹೂವೇ ಇಲ್ಲದಿದ್ದಾಗ 20 ಮೆಲ್ಲಿಫೆರಾ ಕುಟುಂಬಗಳು, ಒಂದೊಂದರಲ್ಲಿ ಹತ್ತಾರು ಸಾವಿರ ನೊಣಗಳು, ಇದ್ದಬದ್ದ ಪರಾಗವನ್ನೆಲ್ಲ ಎತ್ತಿಕೊಂಡರೆ ಹಸಿವಿಗೆ ಬೀಳುವುದು ಮೇಲೆ ಹೇಳಿದ ನೆಲದ ನೊಣ, ಕೋಲುಜೇನು, ಗೋಡೆಬಿರುಕಿನ ಮುಜಂಟಿ (ಚುಚ್ಚದ ಸಣ್ಣ ಜೇನು). ನೀವು ಅವಕ್ಕೆ ಸಕ್ಕರೆ ಪಾಕ ಕೊಡುವುದಿಲ್ಲ, ಪೆಟ್ಟಿಗೆಯವಕ್ಕೆ ಮಾತ್ರ ಕೊಡುತ್ತೀರಿ. ಪರಿಸರದ ಹೆಸರಿನಲ್ಲಿ ಪೆಟ್ಟಿಗೆಗಳನ್ನು ಒಂದೇ ಕಡೆ ಗುಡ್ಡೆ ಹಾಕುವುದಕ್ಕೆ ನನ್ನ ವಿರೋಧವಿರುವುದು ಇದೇ ಕಾರಣಕ್ಕೆ. ಪೆಟ್ಟಿಗೆ ತರುವ ಮೊದಲ ವರ್ಷ ಎರಡೇ ಸಾಕು, ಎರಡು ಬೇಸಿಗೆ ಅವು ನಿಂತರೆ ನಾಲ್ಕೈದಕ್ಕೆ ಏರಿಸಿ. ಸೂರ್ಯಕಾಂತಿ ಅಥವಾ ದಾಳಿಂಬೆ ಹೂವಿನ ಕಾಲಕ್ಕೆ ಹೆಚ್ಚು ಬೇಕಾದರೆ ಊರಿಂದೂರಿಗೆ ಪೆಟ್ಟಿಗೆ ಸಾಗಿಸುವ ಸಾಕಣೆದಾರರಿಂದ ಕೆಲವು ವಾರಗಳ ಮಟ್ಟಿಗೆ ತರಿಸಿಕೊಳ್ಳಬಹುದು.

ಯಾವ ಜೇನು ಎಂಬುದಕ್ಕೆ ನನ್ನ ಒಲವು ತುಡುವೆಯ ಕಡೆಗಿದೆ. ಅದು ಈ ನೆಲದ್ದೇ, ನೊಣದ ಮೈಗೆ ಹತ್ತುವ ವರೋವಾ ನುಸಿಯನ್ನು ತಾನೇ ಹೆಕ್ಕಿ ತೆಗೆಯಬಲ್ಲದು. ಮೆಲ್ಲಿಫೆರಾ 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿ ಬಳಿಕ ದೇಶದ ಉದ್ದಗಲಕ್ಕೆ ಹರಡಿದ ಜಾತಿ. ತುಪ್ಪ ಹೆಚ್ಚು ಕೊಡುತ್ತದೆ, ಆದರೆ ನುಸಿಯ ಕಾಟಕ್ಕೆ ಸದಾ ಕಣ್ಣಿಟ್ಟಿರಬೇಕು, ಹೂವಿಲ್ಲದ ಕಾಲದಲ್ಲಿ ಬೇರೆ ಕಡೆ ಸಾಗಿಸಬೇಕು. ತುಡುವೆಯ ಕಷ್ಟವೆಂದರೆ ಹಸಿವಾದರೆ, ಸೆಕೆಯಾದರೆ, ಪದೇ ಪದೇ ತೆರೆದು ಕಾಡಿದರೆ ಪೆಟ್ಟಿಗೆ ಬಿಟ್ಟು ಪರಾರಿಯಾಗುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವನ್ನು ನೆಲಸಮ ಮಾಡಿತ್ತು, ಅದು ಇಂದಿಗೂ ಆಗಾಗ ತಲೆಯೆತ್ತುತ್ತದೆ. ನಂಜುರೋಗವಾದ್ದರಿಂದ ಅದಕ್ಕೆ ಔಷಧಿಯಿಲ್ಲ, ಗಟ್ಟಿ ಕುಟುಂಬವೇ ರಕ್ಷೆ. ಮರಿಹುಳು ನೀರು ತುಂಬಿದ ಚೀಲದಂತಾಗಿ ಸತ್ತಿರುವುದು ಕಂಡರೆ ಆ ಎರಿಗಳನ್ನು (ಮೇಣದ ಹುಟ್ಟುಗಳನ್ನು) ಬೇರೆ ಪೆಟ್ಟಿಗೆಗೆ ಹಾಕದೆ ತೆಗೆದುಬಿಡಿ. ಮಲೆನಾಡು, ಕೊಡಗಿನಿಂದ ಕುಟುಂಬ ತರಿಸುವ ಬದಲು ಬಯಲುಸೀಮೆಯಲ್ಲೇ ಬೆಳೆದ ಕುಟುಂಬವನ್ನು ಹುಡುಕಿ, ತಂಪಿನಿಂದ ಬಂದವು ನಮ್ಮ ಏಪ್ರಿಲ್ ತಿಂಗಳನ್ನು ದಾಟುವುದು ಕಷ್ಟ.

ಬೇಸಿಗೆಯೇ ಇಲ್ಲಿನ ನಿಜವಾದ ಪರೀಕ್ಷೆ. ಮರಿಗಳಿರುವ ಸಂಸಾರ ಕೋಣೆಯನ್ನು ನೊಣಗಳು 34, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳಬೇಕು, ಹೊರಗೆ 40 ಡಿಗ್ರಿ ದಾಟಿದಾಗ ಅವು ಮೇಯುವ ಕೆಲಸ ಬಿಟ್ಟು ನೀರು ಹೊರುವುದರಲ್ಲಿ, ರೆಕ್ಕೆ ಬೀಸುವುದರಲ್ಲಿಯೇ ದಿನ ಕಳೆಯುತ್ತವೆ. ಪೆಟ್ಟಿಗೆಯನ್ನು ಬೇವಿನ ಅಥವಾ ಹುಣಸೆಯ ದಟ್ಟ ನೆರಳಿನಲ್ಲಿ, ಬಾಗಿಲು ಪೂರ್ವಕ್ಕೆ ಬರುವಂತೆ, ಪಡುವಣ ಬಿಸಿಗಾಳಿಗೆ ಬೆನ್ನಾಗುವಂತೆ ಇಡಿ. ಮೇಲೆ ಒದ್ದೆ ಗೋಣಿಚೀಲ ಹಾಸಿ. ನೂರು ಮೀಟರ್‌ನೊಳಗೆ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಕಲ್ಲು ತುಂಬಿ ನೀರಿಡಿ, ಅದು ಒಂದು ದಿನವೂ ಒಣಗಬಾರದು. ನಿಮ್ಮಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಿದ್ದರೆ ನೊಣಗಳು ಅದರ ನುಣುಪು ದಂಡೆಯಲ್ಲಿ ಜಾರಿ ಮುಳುಗಿ ಸಾಯುತ್ತವೆ. ಅಂಚಿನಿಂದ ನೀರಿನೊಳಗೆ ಹಗ್ಗ ಸುತ್ತಿದ ಗಳ, ತೆಂಗಿನ ನಾರಿನ ಚಾಪೆ ಅಥವಾ ಗೋಣಿತಟ್ಟನ್ನು ಇಳಿಬಿಟ್ಟರೆ ನೊಣವಷ್ಟೇ ಅಲ್ಲ, ಅಳಿಲು, ಹಕ್ಕಿಗಳೂ ಬದುಕುತ್ತವೆ. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ, ಇರುವೆಗೆಂದು ಸುತ್ತ ವಿಷದ ಪುಡಿ ಉದುರಿಸುವ ಅಭ್ಯಾಸ ಮಾತ್ರ ಬೇಡ. ಖಾಲಿ ಎರಿಗಳು ಪೆಟ್ಟಿಗೆಯಲ್ಲಿ ಉಳಿದರೆ ಮೇಣದ ಪತಂಗ ಬೀಳುತ್ತದೆ, ನೊಣ ಆವರಿಸಿಕೊಳ್ಳದ ಎರಿಯನ್ನು ತೆಗೆದಿಡಿ. ಗಂಗಾವತಿ ಕಡೆಯ ಕಲ್ಲುಗುಡ್ಡದ ರೈತರಾದರೆ ಕರಡಿಯ ಮಾತನ್ನೂ ಹೇಳಬೇಕಿತ್ತು, ನಿಮ್ಮ ಬಯಲಿಗೆ ಆ ತಾಪತ್ರಯ ಕಡಿಮೆ.

ವಿಷದ ವಿಷಯದಲ್ಲಿ ರಾಜಿಯಿಲ್ಲದೆ ಹೇಳಬೇಕಾದ ಮಾತುಗಳಿವೆ. ಹೆಚ್ಚಿನವರು ಸಿಂಪರಣೆಯನ್ನಷ್ಟೇ ನೋಡುತ್ತಾರೆ, ಬೀಜೋಪಚಾರವನ್ನು ಮರೆಯುತ್ತಾರೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಗುಂಪಿನ ಕೀಟನಾಶಕಗಳು ಬೇರಿನಿಂದ ಏರಿ ಗಿಡದ ಎಲ್ಲ ಭಾಗಕ್ಕೂ, ಹೂವಿನ ಮಕರಂದ ಮತ್ತು ಪರಾಗಕ್ಕೂ ಸೇರುವಂಥವು. ಬೀಜಕ್ಕೆ ಲೇಪಿಸಿದ್ದರಲ್ಲಿ ಗಿಡ ಹೀರಿಕೊಳ್ಳುವುದು ಸಣ್ಣ ಪಾಲು, ಉಳಿದದ್ದು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಮಣ್ಣುಗಳಲ್ಲಿ ವರ್ಷ ದಾಟಿಯೂ ಉಳಿಯುತ್ತದೆ. ನೆಲದೊಳಗೆ ಬಿಲ ತೋಡುವ ನೊಣ ಆ ಮಣ್ಣನ್ನೇ ಮೈಗೆ ಮೆತ್ತಿಕೊಂಡು ಬದುಕಬೇಕು, ಎರೆಹುಳು ಅದನ್ನೇ ತಿನ್ನಬೇಕು. ಯುರೋಪಿಯನ್ ಒಕ್ಕೂಟ ಈ ಗುಂಪಿನ ಮೂರು ಕೀಟನಾಶಕಗಳನ್ನು 2018ರಲ್ಲಿ ತೆರೆದ ಹೊಲಗಳ ಬಳಕೆಯಿಂದ ನಿಷೇಧಿಸಿತು. ಅಂಗಡಿಯಿಂದ ಬರುವ ಸೂರ್ಯಕಾಂತಿಯ ಹೈಬ್ರಿಡ್ ಬೀಜದ ಚೀಲದ ಮೇಲೆ ಯಾವುದರಿಂದ ಉಪಚರಿಸಿದ್ದಾರೆ ಎಂದು ಓದಿ ನೋಡಿ. ತೊಗರಿ, ಹೆಸರಿನಂತಹ ಮನೆಬೀಜಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ) ಮತ್ತು ರೈಜೋಬಿಯಂ ಉಪಚಾರ ಮಾಡಿದರೆ ಮಣ್ಣಿಗೂ ಹಿತ.

ತೊಗರಿಯ ಕಾಯಿಕೊರಕ ಬರುವುದೇ ಹೂವಿನ ಕಾಲದಲ್ಲಿ, ಹೀಗಾಗಿ ಅಲ್ಲಿ ಇಕ್ಕಟ್ಟು ಹೆಚ್ಚು. ಮೋಹಕ ಬಲೆ ನೆಟ್ಟು ಪತಂಗದ ಸಂಖ್ಯೆ ನೋಡಿ, ಅಗತ್ಯವಿದ್ದರೆ ಮಾತ್ರ ಕೈಹಾಕಿ. ಶೇ 5ರ ಬೇವಿನ ಬೀಜದ ಕಷಾಯ, ಹುಳುವಿಗೆ ಮಾತ್ರ ರೋಗ ತರುವ ಎನ್‌ಪಿವಿ ದ್ರಾವಣ ಮೊದಲ ಆಯ್ಕೆಯಾಗಲಿ. ಎನ್‌ಪಿವಿ ಬಿಸಿಲಿಗೆ ಶಕ್ತಿ ಕಳೆದುಕೊಳ್ಳುವುದರಿಂದ ಅದನ್ನು ಸಂಜೆಯೇ ಹೊಡೆಯಬೇಕು, ಜೇನಿಗೂ ಅದೇ ಅನುಕೂಲ. ಯಾವ ಔಷಧಿಯಾದರೂ ಸರಿ, ಬೆಳಗಿನ ಹೊತ್ತು ಅರಳಿದ ಹೂವಿನ ಮೇಲೆ ಹೊಡೆಯಬೇಡಿ, ಸೂರ್ಯ ಇಳಿದು ನೊಣಗಳು ಗೂಡು ಸೇರಿದ ಮೇಲೆ ಹೊಡೆಯಿರಿ. ಪುಡಿ ಔಷಧಿ ಪರಾಗದ ಜೊತೆ ಗೂಡಿಗೇ ಹೋಗುವುದರಿಂದ ಅದು ದ್ರಾವಣಕ್ಕಿಂತ ಕೆಟ್ಟದ್ದು. ದಾಳಿಂಬೆಯ ದುಂಡಾಣು ಅಂಗಮಾರಿಗೆ ಆ್ಯಂಟಿಬಯೊಟಿಕ್ ಹೊಡೆಯುವ ರೂಢಿ ನಿಮ್ಮ ಕಡೆ ಇದೆ. ಅದರ ಶೇಷ ತುಪ್ಪಕ್ಕೂ ಬರಬಹುದು, ನೊಣದ ಕರುಳಿನ ಮತ್ತು ಮಣ್ಣಿನ ಒಳ್ಳೆಯ ಅಣುಜೀವಿಗಳಿಗೂ ಪೆಟ್ಟು. ರೋಗ ಬಂದ ರೆಂಬೆಗಳನ್ನು ಸವರಿ ತೋಟದಿಂದಾಚೆ ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಶುದ್ಧಮಾಡುವುದು, ಗಿಡಕ್ಕೆ ಸಾಕಷ್ಟು ವಿಶ್ರಾಂತಿ ಕೊಟ್ಟು ಒಂದೇ ಬಹಾರ್ ತೆಗೆಯುವುದು, ಇವುಗಳಿಂದ ಸಿಂಪರಣೆಯ ಸಂಖ್ಯೆಯನ್ನು ಖಂಡಿತ ಇಳಿಸಬಹುದು.

ನೆರೆಯ ತೋಟದವರು ಹೊಡೆಯುವುದನ್ನು ನೀವು ತಡೆಯಲಾರಿರಿ. ಆದರೆ ಹಿಂದಿನ ದಿನ ಒಂದು ಮಾತು ತಿಳಿಸಿ ಎಂದು ಕೇಳಿಕೊಳ್ಳಬಹುದು, ಅವರ ದಾಳಿಂಬೆಗೂ ನಿಮ್ಮ ನೊಣಗಳೇ ಹೋಗುತ್ತವೆ ಎಂದು ಹೇಳಿದರೆ ಒಪ್ಪದವರು ಕಡಿಮೆ. ತಿಳಿದ ದಿನ ರಾತ್ರಿಯೇ ಬಾಗಿಲಿಗೆ ತಂತಿಬಲೆ ಹಾಕಿ, ಒದ್ದೆ ಗೋಣಿ ಹೊದಿಸಿ, ಮರುದಿನ ಮಧ್ಯಾಹ್ನದವರೆಗೆ ತಡೆದಿಡಬಹುದು. ಬಿರುಬೇಸಿಗೆಯಲ್ಲಿ ಅಷ್ಟು ಹೊತ್ತು ಮುಚ್ಚಿದರೆ ಉಸಿರುಗಟ್ಟಿ ಸಾಯುತ್ತವೆ, ಆಗ ಪೆಟ್ಟಿಗೆಯನ್ನೇ ಮೂರು ಕಿಲೋಮೀಟರ್ ಆಚೆ ಒಯ್ಯುವುದು ಲೇಸು. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರು ಭಾಗದ ಭತ್ತದ ಗದ್ದೆಗಳ ನಡುವೆ ಒಯ್ದು ಇಡಬೇಡಿ. ಭತ್ತಕ್ಕೆ ಜೇನು ಬೇಕಿಲ್ಲ, ಜೇನಿಗೆ ಅಲ್ಲಿ ಮೇವು ಕಡಿಮೆ, ಔಷಧಿ ಹೆಚ್ಚು.

ತುಪ್ಪ ತೆಗೆಯುವಾಗ ಸಂಸಾರ ಕೋಣೆಗೆ ಕೈಹಾಕಬೇಡಿ, ಮೇಲಿನ ಜೇನು ಕೋಣೆಯಲ್ಲಿ ಮುಕ್ಕಾಲು ಪಾಲು ಮೇಣ ಮುಚ್ಚಿದ ಎರಿಗಳನ್ನು ಮಾತ್ರ ತೆಗೆಯಿರಿ. ಆಗ ತುಪ್ಪದ ತೇವ ಶೇ 20ರ ಮಿತಿಯೊಳಗೆ ಇರುತ್ತದೆ, ಹುಳಿಯುವುದಿಲ್ಲ. ಜನವರಿ, ಫೆಬ್ರುವರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಳಿದುಕೊಂಡು ಮೇ ತಿಂಗಳಲ್ಲಿ ಸಕ್ಕರೆ ಪಾಕ ಸುರಿಯುವುದು ಸಾಕಣೆಯಲ್ಲ. ಬೇಸಿಗೆಗೆ ಅವುಗಳ ಪಾಲು ಅವಕ್ಕೇ ಇರಲಿ, ಪಾಕ ತುರ್ತಿಗೆ ಮಾತ್ರ. ಊರ ಪಕ್ಕದ ಬಂಡೆ, ಆಲದ ಮರಗಳಲ್ಲಿ ಹೆಜ್ಜೇನು ಬಂದು ಕೂರುತ್ತಿದ್ದರೆ ಅದಕ್ಕೆ ಬೆಂಕಿ ಹಿಡಿಸುವುದನ್ನು ತಪ್ಪಿಸಲು ನಿಮ್ಮ ಕೈಲಾದದ್ದು ಮಾಡಿ. ಸೂರ್ಯಕಾಂತಿ ಹೊಲದಲ್ಲಿ ಹೆಚ್ಚು ಕೆಲಸ ಮಾಡುವುದು ಎಷ್ಟೋ ಸಲ ಅದೇ, ಅದನ್ನು ಯಾರೂ ಪೆಟ್ಟಿಗೆಯಲ್ಲಿ ಸಾಕಲಾಗದು.

ಕೆಲಸದ ಅನುಕ್ರಮ ಹೀಗಿರಲಿ. ಬರುವ ಮುಂಗಾರಿಗೆ ಬದುವಿನ ಮೇಲೆ ಹೊಂಗೆ, ನುಗ್ಗೆ ನೆಡಿ, ಒಂದೆರಡು ಎಕರೆಗೆ ಅಪ್ಸೆಣಬು ಬಿತ್ತಿ ಅಂಚಿನ ಸಾಲು ಬಿಡಿ, ಉಳಿದ ಹೊಲದಲ್ಲಿ ತೊಗರಿಯ ನಡುವೆ ಗುರೆಳ್ಳಿನ ಅಕ್ಕಡಿ ಹಾಕಿ. ಆ ವರ್ಷ ಪೆಟ್ಟಿಗೆ ಬೇಡ, ಹೂವಿಗೆ ಯಾವ ಯಾವ ನೊಣ ಬರುತ್ತದೆ ಎಂದು ನೋಡಿ ಬರೆದಿಡಿ. ಅಷ್ಟರಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೋ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಜೇನು ಸಾಕಣೆಯ ತರಬೇತಿ ಯಾವಾಗಿದೆ ಎಂದು ವಿಚಾರಿಸಿ ಕೈಯಾರೆ ಪೆಟ್ಟಿಗೆ ತೆರೆದು ಕಲಿಯಿರಿ, ಸಹಾಯಧನದ ವಿವರವನ್ನು ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಎರಡನೆಯ ವರ್ಷ ಆಗಸ್ಟ್ ಕೊನೆಗೆ, ಎಳ್ಳು ಮತ್ತು ತುಂಬೆ ಹೂವಿಗೆ ಬಂದ ಮೇಲೆ, ಎರಡು ತುಡುವೆ ಕುಟುಂಬ ತನ್ನಿ. ಮಣ್ಣಿನ ಮಾದರಿಯನ್ನು ಈಗೊಮ್ಮೆ, ಮೂರು ವರ್ಷದ ಮೇಲೊಮ್ಮೆ, ಅದೇ ಜಾಗದಿಂದ, ಅದೇ ತಿಂಗಳಲ್ಲಿ ತೆಗೆದು ಪರೀಕ್ಷೆಗೆ ಕೊಡಿ.